ಸಿಹಿ ತಿಂದರೆ ಹೊಟ್ಟೆಯಲ್ಲಿ ಹುಳು ಹುಟ್ಟುತ್ತದೆಯೇ?

ಸಿಹಿ ತಿಂದ ಮಕ್ಕಳಿಗೆ ಜಂತುಹುಳು ಆಗುತ್ತದೆಂಬ ಸಂದೇಶ ಮತ್ತೆ ಮತ್ತೆ ಬರುತ್ತಿರುತ್ತದೆ. ಕಾಳಜಿಯಿಂದಲೇ ಜನ ಅದನ್ನು ಹಂಚುತ್ತಾರೆ. ಆದರೆ ಸಕ್ಕರೆಯಿಂದ ಹುಳು ಹುಟ್ಟದು. ಮೊಟ್ಟೆಯೋ ಮರಿಯೋ ಹೊರಗಿನಿಂದ ಒಳಸೇರಬೇಕು. ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. ಮಲದೊಂದಿಗೆ ಹೊರಬಿದ್ದ ಆ ಮೊಟ್ಟೆ ತೇವದ ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆಯೇ ಸೋಂಕು ತರುತ್ತದೆ. ಉಗುರಿನ ಸಂದಿಯ ಮಣ್ಣು, ತೊಳೆಯದ ತರಕಾರಿ ಅದರ ದಾರಿ. ಕೊಕ್ಕೆಹುಳುವಿನ ಮರಿಯಂತೂ ಬರಿಗಾಲಿನ ಚರ್ಮವನ್ನೇ ಕೊರೆದು ಒಳನುಗ್ಗುತ್ತದೆ.

ಇಂಥ ಸಂದೇಶ ಕಂಡಾಗ ಒಂದು ಪ್ರಶ್ನೆ ಹಾಕಿ: ಮೊಟ್ಟೆ ಎಲ್ಲಿಂದ ಬಂತು? ಉತ್ತರ ಸಿಗದಿದ್ದರೆ ಪಠ್ಯಪುಸ್ತಕದಲ್ಲಿ ಆ ಹುಳುವಿನ ಜೀವನಚಕ್ರದ ಚಿತ್ರ ನೋಡಿ. ಮಗುವಿನ ಹೊಟ್ಟೆಯಲ್ಲಿ ಹುಳು ಇದೆಯೇ ಎಂದು ತಿಳಿಯಲು ಮಲಪರೀಕ್ಷೆ ಮಾಡಿಸಿ. ದುಂಡುಹುಳು ಸೇರಿದ ಮೊದಲ ಎರಡು ತಿಂಗಳು ಮಲದಲ್ಲಿ ಮೊಟ್ಟೆ ಕಾಣದಿರಬಹುದು. ಅನುಮಾನ ಉಳಿದರೆ ಮತ್ತೊಮ್ಮೆ ಮಾಡಿಸಬೇಕು.