ಸತ್ಯಾಂಶ: ಟೆಲಿಕನ್ವರ್ಟರ್ ಹಾಕಿದರೆ 300 ಲೆನ್ಸ್ 600 ಆಗುತ್ತಾ?

"2ಎಕ್ಸ್ ಟೆಲಿಕನ್ವರ್ಟರ್ ಹಾಕಿ, 300 ಎಂಎಂ ಲೆನ್ಸ್ 600 ಆಗುತ್ತೆ, ಏನೂ ನಷ್ಟ ಇಲ್ಲ, ಸುಮ್ನೆ ದೊಡ್ಡ ಲೆನ್ಸ್‌ಗೆ ದುಡ್ಡು ಸುರಿಯಬೇಡಿ" ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಟೆಲಿಕನ್ವರ್ಟರ್ ಅಂದರೆ ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಕೂರಿಸುವ, ಚಿತ್ರ ಹಿಗ್ಗಿಸುವ ಗಾಜಿನ ಸಾಧನ. ಸಂದೇಶದಲ್ಲಿ ಅರ್ಧ ಮಾತ್ರ ನಿಜ.

ದೂರದ ಹಕ್ಕಿ ದೊಡ್ಡದಾಗಿ ಕಾಣುತ್ತದೆ, ಸರಿ. ಆದರೆ 2ಎಕ್ಸ್ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ. ಸೆನ್ಸರ್‌ಗೆ ಸಿಗುವುದು ಕಾಲು ಭಾಗ ಅಷ್ಟೇ. ಎಫ್/4 ಲೆನ್ಸ್ ಎಫ್/8 ಆಗುತ್ತದೆ (ಎಫ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ). ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಮಂಡಗದ್ದೆ ಪಕ್ಷಿಧಾಮವನ್ನೇ ನೋಡಿ. ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ ಗೂಡು, ಮೇಲೆ ದಟ್ಟ ಮೋಡ. 1/1000 ಸೆಕೆಂಡಿನಲ್ಲಿ ಸಿಗುತ್ತಿದ್ದ ಚಿತ್ರಕ್ಕೆ ಈಗ 1/250 ಬೇಕು. ಹಾರುವ ರೆಕ್ಕೆ ಮಸುಕಾಗುತ್ತದೆ, ಅಲ್ವಾ? ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದರೆ ಚಿತ್ರದ ತುಂಬ ಕಾಳು ಕಾಳು. ಲೆನ್ಸಿನ ಸಣ್ಣ ದೋಷವೂ ಹಕ್ಕಿಯ ಜೊತೆಗೇ ದೊಡ್ಡದಾಗುತ್ತದೆ. ಒಳಗೆ ಕನ್ನಡಿ ಇರುವ ಹಳೇ ಡಿಎಸ್‌ಎಲ್‌ಆರ್‌ಗಳಲ್ಲಿ ಎಷ್ಟೋ ಎಫ್/5.6 ದಾಟಿದರೆ ಆಟೋಫೋಕಸ್ ಮಾಡುವುದೇ ಇಲ್ಲ. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಈ ತೊಂದರೆ ಕಡಿಮೆ.

1.4ಎಕ್ಸ್ ವಿಷಯ ಬೇರೆ. ಹೋಗುವುದು ಒಂದೇ ಸ್ಟಾಪ್. ಒಳ್ಳೆಯ 300 ಎಫ್/4 ಪ್ರೈಮ್‌ಗೆ (ಜೂಮ್ ಆಗದ ಲೆನ್ಸ್‌ಗೆ) ಹಾಕಿದರೆ 420 ಎಂಎಂ, ಎಫ್/5.6. ಮಲೆನಾಡಿನ ಬೆಳಕಿಗೆ ನಾನು ಧೈರ್ಯವಾಗಿ ಹೇಳುವ ಜೋಡಿ ಇದು.

70-300 ಜೂಮ್ ಇರುವವರು ಮಾತ್ರ ಕೊಳ್ಳುವ ಮುಂಚೆ ಹೊಂದುತ್ತದಾ ಅಂತ ವಿಚಾರಿಸಿ. ಅಂಥ ಎಷ್ಟೋ ಲೆನ್ಸ್‌ಗಳಿಗೆ ಕಂಪನಿಯ ಕನ್ವರ್ಟರ್ ಕೂರುವುದೇ ಇಲ್ಲ. ಬಲವಂತ ಮಾಡಿದರೆ ಗಾಜಿಗೆ ಗಾಜು ತಾಗಬಹುದು.