ಚೆಂಡು ನೆಟ್ಟಗೆ ಹೋಗುವ ಭಾಗ್ಯ

2010ರ ಆಗಸ್ಟ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮಹಿಳೆಯರ ಗಾಲ್ಫ್ ಟೂರ್ನಿಯೊಂದು ನಡೆಯುತ್ತಿತ್ತು. ಆಗ ಐವತ್ತು ತುಂಬಿದ್ದ ಹೆಸರಾಂತ ಆಟಗಾರ್ತಿ ಜೂಲಿ ಇಂಕ್‌ಸ್ಟರ್ ಹತ್ತನೇ ಹೋಲಿನ ಬಳಿ ಅರ್ಧ ಗಂಟೆ ಕಾಯಬೇಕಾಗಿ ಬಂತು. ಮುಂದಿನವರು ಕದಲುತ್ತಿಲ್ಲ. ಐವತ್ತರ ಮೈ, ಸುಮ್ಮನೆ ನಿಂತರೆ ಹಿಡಿದುಕೊಳ್ಳುತ್ತದೆ. ಕೋಲಿಗೆ ಒಂದು ಭಾರದ ಬಳೆ ತೊಡಿಸಿ ಗಾಳಿಯಲ್ಲಿ ಒಂದಷ್ಟು ಬೀಸಿದರು. ಮನೆಯಲ್ಲಿ ಕೂತು ಟೀವಿ ನೋಡುತ್ತಿದ್ದ ಪುಣ್ಯಾತ್ಮರೊಬ್ಬರು ಸಂಘಟಕರಿಗೆ ಇಮೇಲ್ ಹಾಕಿದರು. ನಿಯಮ ತೆಗೆದು ನೋಡಿದರೆ, ಆಟದ ನಡುವೆ ಅಭ್ಯಾಸದ ಸಾಧನ ಮುಟ್ಟುವಂತಿಲ್ಲ. ಇಂಕ್‌ಸ್ಟರ್ ಅನರ್ಹ, ಇನ್ನು ಹೊರಡಬಹುದು.

ಆ ನಿಯಮ ಈಗ ಕೊಂಚ ಮೆತ್ತಗಾಗಿದೆ. 2019ರಿಂದೀಚೆಗೆ ಮೊದಲ ಸಲ ಸಿಕ್ಕಿಬಿದ್ದರೆ ಲೆಕ್ಕಕ್ಕೆ ಎರಡು ಹೊಡೆತ ಸೇರಿಸುವ ದಂಡ (ಕಡಿಮೆ ಹೊಡೆತದವರೇ ಗೆಲ್ಲುವ ಆಟವಿದು), ಮತ್ತೆ ಸಿಕ್ಕಿಬಿದ್ದರೆ ಮಾತ್ರ ಮನೆ. ತತ್ವವೇನೂ ಬದಲಾಗಿಲ್ಲ. ಚೆಂಡು ನೆಟ್ಟಗೆ ಹೋಗಲಿ ಅಂತ ಲೋಕದಲ್ಲಿ ಏನೇನು ಮಾರುತ್ತಾರೋ ಅದನ್ನೆಲ್ಲ ನೀವು ಬಾಲ್ಕನಿಯಲ್ಲಿ ಬಳಸಬಹುದು, ಟೆರೇಸಿನಲ್ಲಿ ಬಳಸಬಹುದು, ಮದುವೆ ಛತ್ರದ ಪಾರ್ಕಿಂಗ್‌ನಲ್ಲೂ ಬಳಸಬಹುದು. ಚೆಂಡು ನೆಟ್ಟಗೆ ಹೋಗಲೇಬೇಕಾದ ಜಾಗ ಒಂದಿದೆಯಲ್ಲ, ಅಲ್ಲಿ ಮಾತ್ರ ಕೂಡದು. ಇಂಥ ಷರತ್ತಿನ ಮೇಲೂ ವ್ಯಾಪಾರ ಇಷ್ಟು ಸೊಗಸಾಗಿ ನಡೆಯುತ್ತದೆ ಅಂದರೆ, ಚುನಾವಣಾ ಪ್ರಣಾಳಿಕೆ ಬರೆಯುವವರೂ ಒಮ್ಮೆ ಹೋಗಿ ನೋಡಿ ಬರುವುದು ಒಳ್ಳೆಯದು.

ಎಲ್ಲಿಗೆ ಹೋಗಬೇಕು? ಫ್ಲಾರಿಡಾದ ಆರ್ಲಾಂಡೊಗೆ. ಪ್ರತಿ ಜನವರಿಯಲ್ಲಿ ಅಲ್ಲಿ ಗಾಲ್ಫ್ ಸಾಮಾನಿನ ಜಾತ್ರೆ ಸೇರುತ್ತದೆ. 1954ರಲ್ಲಿ ಅದೇ ರಾಜ್ಯದ ಡನೀಡಿನ್ ಎಂಬ ಊರಿನಲ್ಲಿ ಕಾರಿನ ಡಿಕ್ಕಿ ತೆರೆದು ಮಾರುತ್ತಿದ್ದವರಿಂದ ಶುರುವಾದದ್ದು, ಈಗ ದೊಡ್ಡ ದೊಡ್ಡ ಸಭಾಂಗಣ ತುಂಬುತ್ತದೆ. ಅಲ್ಲಿ ಒಂದು ಕೋಲಿಗೆ ನಡುವೆ ಕೀಲು ಇರುತ್ತದೆ. ನೀವು ಬೀಸುವ ದಾರಿ ಚೂರು ತಪ್ಪಿದರೂ ಸಾಕು, ಕೋಲು ಅಲ್ಲೇ ಮಡಚಿ ನೇತಾಡುತ್ತದೆ. ನಾಲ್ಕು ಜನರ ಎದುರು ಮೇಲಧಿಕಾರಿ ಹೀಗೆ ಮಾಡಿದರೆ ಅವಮಾನ, ಕೋಲು ಮಾಡಿದರೆ ತರಬೇತಿ. ಇನ್ನೊಂದು, ಕತ್ತಿನಿಂದ ಇಳಿಬಿಟ್ಟುಕೊಳ್ಳುವ ಗಾಳಿಚೆಂಡು. ಅದನ್ನು ಮುಂಗೈಗಳ ನಡುವೆ ಅಮುಕಿ ಹಿಡಿದು ಬೀಸಬೇಕು, ಜಾರಿ ಬಿದ್ದರೆ ನಿಮ್ಮ ಕೈಗಳು ಅನ್ಯೋನ್ಯವಾಗಿಲ್ಲ ಅಂತ ಅರ್ಥ. ಬಳುಕುವ ದಂಡದ ತುದಿಗೆ ಕಿತ್ತಳೆ ಬಣ್ಣದ ಗುಂಡು ಸಿಕ್ಕಿಸಿದ್ದು ಮತ್ತೊಂದು. ಮೊಣಕೈ ಬಾಗಿದರೆ ಟಕ್ ಅನ್ನುವ ಪಟ್ಟಿ, ಮಣಿಕಟ್ಟಿನ ಮೇಲೆ ಕೂತು ಫೋನಿಗೆ ಚಾಡಿ ಹೇಳುವ ಸೆನ್ಸರು, ಲೇಸರು, ಕನ್ನಡಿ.

ಇವುಗಳಿಗೆಲ್ಲ ರಾಜ ಒಂದು ಫೈಬರ್‌ಗ್ಲಾಸ್ ಕಡ್ಡಿ. ಹಿಮ ಬೀಳುವ ಊರುಗಳಲ್ಲಿ ದಾರಿಯ ಅಂಚು ಗೊತ್ತಾಗಲಿ ಅಂತ ಮನೆ ಮುಂದೆ ನೆಡುವ ಕಡ್ಡಿಯೇ ಅದು. ಹಾರ್ಡ್‌ವೇರ್ ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುತ್ತದೆ. ಅದಕ್ಕೇ ಬಣ್ಣ ಬಳಿದು, ಉದ್ದನೆಯ ಕೊಳವೆಯಲ್ಲಿಟ್ಟು, ಅಲೈನ್‌ಮೆಂಟ್ ಸ್ಟಿಕ್ ಅಂತ ನಾಮಕರಣ ಮಾಡಿದರೆ ಬೆಲೆ ಹಲವು ಪಟ್ಟು. ಇಷ್ಟಕ್ಕೂ ಅದರ ಕೆಲಸವೇನು? ಗುರಿಯ ದಿಕ್ಕು ತೋರಿಸುತ್ತ ನೆಲದ ಮೇಲೆ ಮಲಗಿರುವುದು. ಮಲಗಿಕೊಂಡೇ ಸಂಬಳ ಎಣಿಸುವ ಹುದ್ದೆ ಸರ್ಕಾರದಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ.

ಆ ಜಾತ್ರೆಯ ಪ್ರಸಾದ ಬೆಂಗಳೂರಿಗೂ ಬರುತ್ತದೆ. ಬರಲೇಬೇಕು, 1876ರಲ್ಲೇ ಗಾಲ್ಫ್ ಕ್ಲಬ್ ಕಟ್ಟಿಕೊಂಡ ಊರಿದು. ಚಲ್ಲಘಟ್ಟದ ಕೆರೆ ಇದ್ದ ಜಾಗದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಇದೆ. ಕೆರೆ ಹೋಗಿ ಹುಲ್ಲು ಬಂದ ಮೇಲೆ, ಚೆಂಡು ಬೀಳುವುದಕ್ಕೆ ಅಂತ ಅದೇ ಹುಲ್ಲಿನ ನಡುವೆ ನೀರು ನಿಲ್ಲಿಸಿಕೊಳ್ಳುವ ಭಾಗ್ಯ ಎಷ್ಟು ಊರಿಗಿದೆ ಹೇಳಿ.

ನಮ್ಮ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಒಬ್ಬರು ರಾಯರಿದ್ದಾರೆ. ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರ ಬಾಲ್ಕನಿಗೆ ಹಸಿರು ಬಲೆ ಕಟ್ಟಿದ್ದು ನೋಡಿ ಪಾರಿವಾಳಕ್ಕೆ ಅಂತ ಎಲ್ಲರೂ ತಿಳಿದಿದ್ದರು. ಪಾರಿವಾಳಗಳೂ ಹಾಗೇ ತಿಳಿದು ಬೇರೆ ಮನೆ ಹುಡುಕಿಕೊಂಡವು. ಒಳಗೆ ರಾಯರು ಬಲಮೊಣಕೈಗೆ ಪಟ್ಟಿ, ಎಡಗಂಕುಳಲ್ಲಿ ಟವೆಲ್ಲು, ಕತ್ತಿನಲ್ಲಿ ಗಾಳಿಚೆಂಡು ತೊಟ್ಟು ನಿಂತಿರುತ್ತಾರೆ.

“ಏನ್ ಸಾರ್, ಹೊಸಾದು ಬಂದಂಗಿದೆ?” ಅಂದೆ ಒಂದು ದಿನ.

“ಇದು ಬೇರೆ ಲೆವೆಲ್ ಕಣ್ರೀ. ಮಸಲ್ ಮೆಮೊರಿ. ದೇಹಕ್ಕೆ ಒಂದ್ಸಲ ಗೊತ್ತಾಗ್ಬಿಟ್ರೆ ಆಯ್ತು.”

ಒಳಗಿನಿಂದ ಅವರ ಮನೆಯವರ ದನಿ ಬಂತು: “ರೀ, ಆ ಹಳದಿ ಕಡ್ಡಿ ಒಂದು ಈ ಕಡೆ ಕೊಡಿ. ದೇವರಮನೆ ಮೂಲೇಲಿ ಜೇಡ ಕಟ್ಟಿದೆ.”

ಆ ಮನೆಗೆ ಬಂದ ಇಷ್ಟೂ ಸಾಮಾನಿನಲ್ಲಿ ಕೊಟ್ಟ ದುಡ್ಡಿಗೆ ನ್ಯಾಯ ಸಲ್ಲಿಸಿದ್ದು ಆ ಕಡ್ಡಿ ಒಂದೇ ಅಂತ ನನ್ನ ಅಭಿಪ್ರಾಯ.

ರಾಯರ ಕಾಯಿಲೆಗೆ ಸ್ಲೈಸ್ ಅಂತ ಹೆಸರು. ಹೊಡೆದ ಚೆಂಡು ಒಂದಷ್ಟು ದೂರ ಸಭ್ಯವಾಗಿ ಹೋಗಿ ಆಮೇಲೆ ಬಲಕ್ಕೆ ತಿರುಗಿ ಪೊದೆ ಸೇರುವುದು. ಬಲಗೈ ಆಟಗಾರರಲ್ಲಿ ಹೊಸಬರಿಗೆ ಬಹುತೇಕ ಇದೇ ಕಾಟ. ಇದರ ವೈಖರಿಯೇ ಒಂದು ತಮಾಷೆ. ಕೋಲು ಬೀಸುವ ದಾರಿಗಿಂತ ಕೋಲಿನ ಮುಖ, ಅಂದರೆ ಚೆಂಡಿಗೆ ತಗಲುವ ಚಪ್ಪಟೆ ಭಾಗ, ಬಲಕ್ಕೆ ತೆರೆದುಕೊಂಡಿದ್ದರೆ ಚೆಂಡು ಬಲಕ್ಕೆ ಸುತ್ತುತ್ತದೆ. ಮನುಷ್ಯ ಏನು ಮಾಡುತ್ತಾನೆ? ಬಲಕ್ಕೆ ಹೋಗುತ್ತಿದೆಯಲ್ಲ ಅಂತ ಇನ್ನಷ್ಟು ಎಡಕ್ಕೆ ಬೀಸುತ್ತಾನೆ. ಆಗ ದಾರಿಗೂ ಮುಖಕ್ಕೂ ಇರುವ ಅಂತರ ಹೆಚ್ಚಿ, ಚೆಂಡು ಮೊದಲಿಗಿಂತ ಜೋರಾಗಿ ಬಲಕ್ಕೆ ತಿರುಗುತ್ತದೆ. ಅವನು ಇನ್ನೂ ಎಡಕ್ಕೆ ಬೀಸುತ್ತಾನೆ. ಈ ಸುಳಿಯಲ್ಲಿ ಕೈಕಾಲು ಬಡಿಯುತ್ತಿರುವವನಿಗೆ ಆರ್ಲಾಂಡೊದ ಜಾತ್ರೆಯಿಂದ ಕೊರಿಯರ್ ಬರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಂದ ಮರುಗಳಿಗೆಗೆ ನೆಲ ನೆಟ್ಟಗೆ ಮಾಡುವ ಯಂತ್ರ ಹೊತ್ತವನು ಬಾಗಿಲು ಬಡಿದ ಹಾಗೆ.

ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿನಲ್ಲಿ ರಾಯರನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದ, ಆಟಗಾರರ ಚೀಲ ಹೊರುವ ಕ್ಯಾಡಿ ಹುಡುಗ ತಡೆಯಲಾರದೆ ಹೇಳಿದ: “ಸಾರ್, ಎಡಗೈ ಒಂಚೂರು ಬಲಕ್ಕೆ ತಿರುಗಿಸಿ ಹಿಡೀರಿ, ಸಾಕು.” ರಾಯರು ಹಿಡಿದರು. ಚೆಂಡು ನೆಟ್ಟಗೆ ಹೋಯಿತು. ಮತ್ತೊಂದೂ ಹೋಯಿತು. ರಾಯರ ಮುಖದಲ್ಲಿ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಗಿತ್ತು. ಬಿಲ್ಲಿಲ್ಲ, ಡಬ್ಬವಿಲ್ಲ, ಒಂದು ವರ್ಷದ ವಾರಂಟಿಯಿಲ್ಲ. ಕೊನೆಪಕ್ಷ ಕಸ್ಟಮ್ಸ್ ಸುಂಕವಾದರೂ ಕಟ್ಟಿಲ್ಲ. ಇಂಥದ್ದನ್ನು ನಂಬುವುದು ಹೇಗೆ? ಕೀಲಿನ ಕೋಲು ಮತ್ತೆ ಚೀಲದಿಂದ ಹೊರಬಂತು.

ಅವರೊಬ್ಬರನ್ನೇ ಅಂದು ಏನು ಫಲ? ಚೆಂಡು ಹೊರಡುವುದು ಕೋಲು ಬೀಸಿದ ದಾರಿಯಲ್ಲಿ ಅಂತ ದಶಕಗಟ್ಟಲೆ ಗುರುಗಳೇ ಪಾಠ ಮಾಡಿದ್ದರು. ಡೆನ್ಮಾರ್ಕಿನಲ್ಲಿ 2003ರಲ್ಲಿ ಹುಟ್ಟಿದ ಟ್ರ್ಯಾಕ್‌ಮ್ಯಾನ್ ಎಂಬ ಕಂಪನಿ ರಾಡಾರ್ ತಂದು ಅಳೆಯಿತು. ಚೆಂಡು ಬಹುಪಾಲು ಹೊರಡುವುದು ಕೋಲಿನ ಮುಖ ನೋಡುತ್ತಿರುವ ಕಡೆಗೆ ಅಂತ ಆಮೇಲೆ ಎಲ್ಲರೂ ಒಪ್ಪಿದರು. ಕೋಲಿಗೂ ಚೆಂಡಿಗೂ ಭೇಟಿಯಾಗುವುದೇ ಸುಮಾರು ಅರ್ಧ ಮಿಲಿಸೆಕೆಂಡು, ಬರಿಗಣ್ಣಿಗೆ ಏನು ಕಂಡೀತು? ಪಾಪ ಗುರುಗಳದ್ದು ಬಿಡಿ. ಹಳೇ ಪಾಠ ನಂಬಿ ತಯಾರಾದ ಸಾಮಾನುಗಳ ಗತಿಯೇನು? ಕಾರಾಗಿದ್ದರೆ ಕಂಪನಿ ವಾಪಸ್ ಕರೆಸಿಕೊಳ್ಳುತ್ತಿತ್ತು. ಇಲ್ಲಿ ಹಳೇ ಸಾಮಾನಿನ ಪಕ್ಕದಲ್ಲೇ ಹೊಸ ಸಾಮಾನು ಇಟ್ಟರು. ಆ ರಾಡಾರಿನ ಬೆಲೆಯೂ ಹತ್ತಾರು ಸಾವಿರ ಡಾಲರ್. ಚೆಂಡು ಪೊದೆಗೆ ಹೋಯಿತು ಅನ್ನುವುದನ್ನು ಅದು ದಶಾಂಶದ ಸಮೇತ ತಿಳಿಸುತ್ತದೆ.

ಇದೇ ಕ್ಷೇತ್ರದಲ್ಲಿ ಕೆಲಸಕ್ಕೆ ಬರುವ ವಸ್ತುವೊಂದು ಹುಟ್ಟಿದ್ದ ಕಥೆಯೂ ಇದೆ. 1970ರ ದಶಕದಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಮನುಷ್ಯನನ್ನು ತಿದ್ದುವ ಉಸಾಬರಿ ಬೇಡ ಅಂತ ಚೆಂಡನ್ನೇ ತಿದ್ದಿದರು. ಪೋಲಾರಾ ಅಂತ ಅದರ ಹೆಸರು. ಮೈಮೇಲಿನ ಗುಳಿಗಳನ್ನು ಎಲ್ಲ ಕಡೆ ಒಂದೇ ತರ ಇಡದೆ ಬೇಕೆಂದೇ ಹೆಚ್ಚುಕಮ್ಮಿ ಮಾಡಿದ್ದರು. ಗಾಳಿಯಲ್ಲಿ ಅಡ್ಡ ತಿರುಗುವುದು ಕಡಿಮೆಯಾಯಿತು. ಅಮೆರಿಕದ ಗಾಲ್ಫ್ ಸಂಸ್ಥೆ ಗಾಬರಿಬಿದ್ದು, ಚೆಂಡು ಎತ್ತ ತಿರುಗಿಸಿ ಇಟ್ಟರೂ ಒಂದೇ ತರ ಹಾರಬೇಕು ಅಂತ 1981ರಲ್ಲಿ ನಿಯಮ ತಂದು ಅದನ್ನು ಹೊರಗಟ್ಟಿತು. ವಿಷಯ ಕೋರ್ಟಿಗೆ ಹೋಗಿ, 1985ರಲ್ಲಿ ಸಂಸ್ಥೆ ಹತ್ತು ಲಕ್ಷ ಡಾಲರಿಗೂ ಮೀರಿದ ಮೊತ್ತ ಕೊಟ್ಟು ರಾಜಿ ಮಾಡಿಕೊಂಡಿತು. ಕೆಲಸ ಮಾಡುವುದಕ್ಕೆ ಬಹಿಷ್ಕಾರ, ಮಾಡದ್ದಕ್ಕೆ ಮಳಿಗೆ. ಲಕ್ಷಗಟ್ಟಲೆ ಜನ ಡೊಂಕಾಗಿ ಹೊಡೆಯದಿದ್ದರೆ ಇಷ್ಟು ದೊಡ್ಡ ಜಾತ್ರೆಗೆ ತೇರು ಎಳೆಯುವವರು ಯಾರು?

ಆ ಕಡೆ ಗೆದ್ದವರನ್ನು ನೋಡಿ. 2012ರ ಮಾಸ್ಟರ್ಸ್ ಗಾಲ್ಫ್ ಟೂರ್ನಿಯಲ್ಲಿ ಸಮ ಬಿದ್ದವರ ನಡುವಿನ ಪ್ಲೇಆಫ್‌ನಲ್ಲಿ ಎಡಗೈ ಆಟಗಾರ ಬಬ್ಬಾ ವಾಟ್ಸನ್ ಪೈನ್ ಮರಗಳ ಸಂದಿಯಲ್ಲಿ ಸಿಕ್ಕಿಬಿದ್ದು, ಅಲ್ಲಿಂದ ಚೆಂಡನ್ನು ಬಾಳೆಗೊನೆಗಿಂತ ಬಾಗಿಸಿ ಗುಂಡಿಯ ಸುತ್ತಿನ ನುಣುಪು ಹಸಿರಿನ ಮೇಲೆ ಇಳಿಸಿದರು. ಆ ಪ್ರಶಸ್ತಿ ಗೆದ್ದವರು, ತಾನು ಯಾರ ಹತ್ತಿರವೂ ಪಾಠ ಹೇಳಿಸಿಕೊಂಡವನಲ್ಲ ಅನ್ನುತ್ತಾರೆ. ಅಮೆರಿಕದ ಆಟಗಾರ ಜಿಮ್ ಫ್ಯೂರಿಕ್ ಕೋಲನ್ನು ಮೇಲೆತ್ತುವುದು ಒಂದು ದಾರಿಯಲ್ಲಿ, ಇಳಿಸುವುದು ಇನ್ನೊಂದು ದಾರಿಯಲ್ಲಿ, ನಡುವೆ ಒಂದು ಸುತ್ತು. ಆ ಸುತ್ತಿನಲ್ಲೇ 2016ರಲ್ಲಿ ಬರೀ 58 ಹೊಡೆತಕ್ಕೆ ಹದಿನೆಂಟು ಹೋಲು ಮುಗಿಸಿದರು. ಕೀಲಿನ ಕೋಲು ಅವರ ಕೈಗೆ ಕೊಟ್ಟಿದ್ದರೆ ಮೊದಲ ಬೀಸಿಗೇ ಮಡಚಿ ನೇತಾಡುತ್ತಿತ್ತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಅದಿತಿ ಅಶೋಕ್ ನಾಲ್ಕನೆಯವರಾಗಿ ಬಂದರಲ್ಲ, ಅವರ ಹೊಡೆತ ದೂರ ಹೋಗುತ್ತಿರಲಿಲ್ಲ, ಕೈಹಿಡಿದದ್ದು ಪಟ್ಟಿಂಗ್, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಗುಂಡಿಗೆ ಸೇರಿಸುವ ಕಲೆ. ಬೆಳಗಿನ ಜಾವ ಎದ್ದು ಅದನ್ನು ನೋಡಿದ ರಾಯರು ಕಲಿತದ್ದಿಷ್ಟು: ಮಧ್ಯಾಹ್ನವೇ ಪಟ್ಟಿಂಗ್ ಕನ್ನಡಿ ಆರ್ಡರ್ ಮಾಡಿದರು.

ಕಳೆದ ವಾರ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ರಾಯರ ಸಂದೇಶ ಬಂತು. ಕೀಲಿನ ಕೋಲು, ಗಾಳಿಚೆಂಡು, ಮೊಣಕೈ ಪಟ್ಟಿ, ಎಲ್ಲ ಹೊಸದರಂತಿವೆ, ಅರ್ಧ ಬೆಲೆ, ಮನೆಯಲ್ಲಿ ಜಾಗ ಇಲ್ಲದ ಕಾರಣ ಕೊಡಲಾಗುವುದು. ಕೊನೆಯಲ್ಲೊಂದು ಸೂಚನೆ: ಹಳದಿ ಕಡ್ಡಿಗಳು ಮಾರಾಟಕ್ಕಿಲ್ಲ. ಯಾರ ಅಪ್ಪಣೆ ಅಂತ ಬಿಡಿಸಿ ಹೇಳಬೇಕಿಲ್ಲ. ಐದನೇ ಮಹಡಿಯ ಡಾಕ್ಟರು ತಕ್ಷಣ “ಇನ್ನೂ ಇದೆಯಾ ಸಾರ್?” ಅಂತ ಹಾಕಿದರು. ಅವರದೂ ಬಲಕ್ಕೇ ಹೋಗುತ್ತದಂತೆ. ಸಂಜೆ ಅವರು ಕೀಲಿನ ಕೋಲನ್ನು ಜೋಪಾನವಾಗಿ ಹಿಡಿದು ಲಿಫ್ಟ್ ಹತ್ತುವಾಗ, ರಾಯರು ಗೇಟಿನ ಬಳಿ ನಿಂತು ಕೊರಿಯರ್ ಹುಡುಗನಿಗೆ ಓಟಿಪಿ ಹೇಳುತ್ತಿದ್ದರು. ಡಬ್ಬ ಆಳುದ್ದ ಇತ್ತು.