ಸಂಶೋಧನೆಯ ಹೊತ್ತಿಗೆ ಸಂಬಳ ಕೊಡುವವರು ಯಾರು?

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಮೂಳೆ, ಸ್ನಾಯುಗಳಂಥ ಅಂಗಾಂಶಗಳಲ್ಲಿ ಹುಟ್ಟುವ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಜೆನಿಫರ್ ಗುಡ್‌ಮನ್ ಲಿನ್ ಮತ್ತು ಅವರ ಪತಿ 2007ರಲ್ಲಿ ಆರಂಭಿಸಿದ ‘ಸೈಕಲ್ ಫಾರ್ ಸರ್ವೈವಲ್’ ಅಭಿಯಾನಕ್ಕೆ ದೇಣಿಗೆ ಕೇಳುವ ಪತ್ರಗಳು ನ್ಯೂಜೆರ್ಸಿಯಲ್ಲಿರುವ ನಮ್ಮಂಥವರಿಗೂ ಸಹೋದ್ಯೋಗಿಗಳಿಂದ ಬರುತ್ತಿರುತ್ತವೆ. ಜಿಮ್‌ನಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲಿನಿಂದ ಕೋಟ್ಯಂತರ ಡಾಲರ್ ಕೂಡುವುದು ಸೋಜಿಗವೇ ಸರಿ. ಆದರೆ ಸಂಗ್ರಹವಾದ ದೇಣಿಗೆಯೆಲ್ಲ ಆರು ತಿಂಗಳೊಳಗೆ ಆ ಆಸ್ಪತ್ರೆಯ ಅಪರೂಪದ ಕ್ಯಾನ್ಸರ್ ಸಂಶೋಧನೆಗೆ ಹಂಚಿಕೆಯಾಗುತ್ತದೆ ಎಂಬುದು ನನಗೆ ಇನ್ನೂ ದೊಡ್ಡ ಸಂಗತಿಯಾಗಿ ಕಂಡಿದೆ.

ವರ್ಷಕ್ಕೆ ಲಕ್ಷ ಜನರಲ್ಲಿ 15ಕ್ಕಿಂತ ಕಡಿಮೆ ಮಂದಿಗೆ ಬರುವ ಕ್ಯಾನ್ಸರನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಅಪರೂಪದ್ದೆಂದು ಪರಿಗಣಿಸುತ್ತದೆ. ಒಂದೊಂದರಲ್ಲೂ ರೋಗಿಗಳು ಕೆಲವರೇ ಆದ್ದರಿಂದ ಔಷಧ ಕಂಪನಿಗಳಿಗೆ ಲಾಭ ಕಾಣುವುದಿಲ್ಲ. ಅಪರೂಪದ ಕಾಯಿಲೆಗಳ ಔಷಧಕ್ಕೆ ಏಳು ವರ್ಷಗಳ ಮಾರಾಟದ ಏಕಸ್ವಾಮ್ಯ ನೀಡುವ ಅಮೆರಿಕದ 1983ರ ಕಾನೂನು ಕಂಪನಿಗಳನ್ನು ಇತ್ತ ಸೆಳೆಯಿತು, ನಿಜ. ಆದರೆ ರೋಗಿಯ ಪಕ್ಕದಲ್ಲಿ ನಿಂತಾಗ ಹೊಸ ಚಿಕಿತ್ಸೆಯೊಂದು ಹೊಳೆದ ವೈದ್ಯನಿಗೆ ಅದರಿಂದ ನೇರ ಪ್ರಯೋಜನವಿಲ್ಲ. ಅವನಿಗೆ ನೆರವಾಗುವುದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಸಂಶೋಧನೆಗಿಳಿಯುವ ವೈದ್ಯರಿಗೆ ಕೊಡುವ ಕೆ-08, ಕೆ-23ರಂಥ ಅನುದಾನಗಳು. ಇವು ವೈದ್ಯನ ಸಂಬಳದ ಭಾಗವನ್ನು ಭರಿಸುತ್ತವೆ, ಜೊತೆಗೆ ಅವನ ಕೆಲಸದ ಅವಧಿಯ ಸುಮಾರು ಮುಕ್ಕಾಲು ಪಾಲು ಸಂಶೋಧನೆಗೇ ಮೀಸಲಾಗಿರಬೇಕೆಂದು ಆಸ್ಪತ್ರೆಯ ಮೇಲೆ ಷರತ್ತು ಹಾಕುತ್ತವೆ.

ಭಾರತದಲ್ಲಿ ಕೊರತೆಯಿರುವುದು ಈ ಮೀಸಲು ಸಮಯಕ್ಕೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರರೋಗಿ ವಿಭಾಗದ ಸಾಲು ಕರಗುವ ಹೊತ್ತಿಗೆ ಸಂಜೆಯಾಗಿರುವ ಸರ್ಕಾರಿ ವೈದ್ಯನು ಸಂಶೋಧನೆಯನ್ನು ರಾತ್ರಿಯ ನಿದ್ದೆಯಿಂದ ಕಡ ತರಬೇಕಾಗುತ್ತದೆ. ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಮೀಸಲಿಡಬೇಕಾದ ಲಾಭದ ಶೇ. 2ರಷ್ಟು ಹಣವನ್ನು ವೈದ್ಯಕೀಯ ಸಂಶೋಧನೆಗೂ ಬಳಸಲು ಕಾನೂನಿನಲ್ಲಿ ಅವಕಾಶವಿದೆ. ಆದರೂ ದಾನಿಗಳಿಗೆ ಕಟ್ಟಡ, ಯಂತ್ರಗಳೇ ಪ್ರಿಯ, ಏಕೆಂದರೆ ವೈದ್ಯನೊಬ್ಬನ ಮಂಗಳವಾರದ ಬಿಡುವಿನ ಮೇಲೆ ನಾಮಫಲಕ ಹಾಕಲಾಗದು.

ಹಾಗೆಂದು ಅಮೆರಿಕದ ದಾರಿಯೇ ಆದರ್ಶವೆಂದಲ್ಲ. ದೇಣಿಗೆಯನ್ನು ನೆಚ್ಚಿದ ವ್ಯವಸ್ಥೆಯಲ್ಲಿ ಸ್ನೇಹಿತರ ಬಳಗ ದೊಡ್ಡದಿರುವ ರೋಗಿಯ ಕಾಯಿಲೆಗೆ ಹಣ ಹರಿಯುತ್ತದೆ. ಏಕಸ್ವಾಮ್ಯ ಪಡೆದ ಔಷಧದ ಬೆಲೆಯಂತೂ ಹೇಳುವುದೇ ಬೇಡ. ಇದಕ್ಕೆ ಪ್ರತಿಯಾಗಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ಅಪರೂಪವಲ್ಲದ ತಲೆ-ಕತ್ತಿನ ಕ್ಯಾನ್ಸರಿನಲ್ಲಿ, ನಿವೊಲುಮ್ಯಾಬ್ ಔಷಧವನ್ನು ವಾಡಿಕೆಯ ಪ್ರಮಾಣದ ಹತ್ತನೆಯ ಒಂದಂಶಕ್ಕಿಂತ ಕಡಿಮೆ ಕೊಟ್ಟರೂ ರೋಗಿಗಳ ಆಯುಷ್ಯ ಹೆಚ್ಚುತ್ತದೆಂದು 2022ರಲ್ಲಿ ಪ್ರಕಟಿಸಿದರು. ತನ್ನ ಮಾರಾಟವನ್ನೇ ತಗ್ಗಿಸುವ ಇಂಥ ಪ್ರಶ್ನೆಗೆ ಯಾವ ಕಂಪನಿ ಹಣ ಹೂಡೀತು? ಅಮೆರಿಕದಲ್ಲಿ ಅಪರೂಪವಾದ ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನಲ್ಲಿ ಸಾಮಾನ್ಯ ಕಾಯಿಲೆಯಾಗಿರುವುದರಿಂದ, ಅಮೆರಿಕದಲ್ಲಿ ರೋಗಿಗಳು ಸಿಗದೆ ಕುಂಟುವ ಪ್ರಯೋಗವನ್ನು ಭಾರತದ ವೈದ್ಯರು ಬೇಗ ಮುಗಿಸಬಲ್ಲರು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಅದೇ ನಗರದ ಒಂದು ದೊಡ್ಡ ಕಂಪನಿ, ಮತ್ತೊಂದು ಯಂತ್ರ ಕೊಡಿಸುವ ಬದಲು, ಸಾರ್ಕೋಮಾದಂಥ ಕಾಯಿಲೆಯನ್ನು ಅಭ್ಯಸಿಸುವ ಒಬ್ಬ ವೈದ್ಯರ ಅರ್ಧ ಸಂಬಳವನ್ನೂ, ಅವರ ಬದಲಿಗೆ ಹೊರರೋಗಿಗಳನ್ನು ನೋಡುವ ಇನ್ನೊಬ್ಬರ ಸಂಬಳವನ್ನೂ ಐದು ವರ್ಷ ವಹಿಸಿಕೊಳ್ಳಬಹುದು. ನಮ್ಮ ಹೊರನಾಡ ಕನ್ನಡ ಕೂಟಗಳೂ ಸಮ್ಮೇಳನದ ಖರ್ಚಿನಲ್ಲಿ ಒಂದಿಷ್ಟನ್ನು ಉಳಿಸಿ ಅದಕ್ಕೆ ಸೇರಿಸಬಹುದು.